ಗೌರಕ್ಕನಿಗೆ ಆಯ್ತಾ?

ಕೊಡ್ಲಿಪೇಟೆಯ ಕಲ್ಲೇಶಪ್ಪನಿಗೆ ಬೀಡಿ, ನಶ್ಯ, ಎಲೆಅಡಿಕೆ ಯಾವುದರ ಚಟವೂ ಇರಲಿಲ್ಲ. ಇದ್ದದ್ದು ಒಂದೇ ಚಟ, ತನ್ನ ಬೆಕ್ಕಿನ ವಿಷಯ ಹೇಳಿಕೊಳ್ಳುವುದು. ನಶ್ಯದ ಚಟವಾದರೆ ಪಕ್ಕದಲ್ಲಿದ್ದವನು ಎರಡು ಸೀನು ಸೀನಿ ಎದ್ದು ಹೋಗಬಹುದು. ಇವನ ಕೈಗೆ ಸಿಕ್ಕಿಬಿದ್ದವನು ಪೂರ್ತಿ ಕೇಳಿಯೇ ಹೋಗಬೇಕಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಮನೆ. ಮನೆಯ ಮುಂಭಾಗದಲ್ಲೇ ಪೂಜಾ ಸಾಮಗ್ರಿಯ ಅಂಗಡಿ. ವಿಭೂತಿ ಗಟ್ಟಿ, ಊದುಬತ್ತಿ, ಕರ್ಪೂರ, ರುದ್ರಾಕ್ಷಿ ಸರ ಎಲ್ಲ ಸಿಗುತ್ತಿತ್ತು. ಯಾರಾದರೂ ಕರ್ಪೂರ ಕೇಳಿಕೊಂಡು ಬಂದರೆ ಮೊದಲು ಬೆಕ್ಕಿನ ಕಥೆ, ಆಮೇಲೆ ಕರ್ಪೂರ.

"ನಮ್ಮ ಗೌರಕ್ಕನ್ನ ನೋಡಿದ್ದೀರಾ? ಬೆಕ್ಕು ಅಂದ್ರೆ ನೀವು ನಂಬಲ್ಲ. ನಮ್ಮನೆಗೆ ಬಂದು ನಾಲ್ಕು ವರ್ಷ ಆಯ್ತು. ಮೊಸರನ್ನ ಬಿಟ್ಟು ಇನ್ನೊಂದು ಮುಟ್ಟಿದವಳಲ್ಲ. ಇಲಿ ಎದುರಿಗೆ ಬಂದ್ರೂ ಮುಖ ತಿರುಗಿಸ್ತಾಳೆ. ಎಲ್ಲ ಸಂಸ್ಕಾರ ಕಣ್ರೀ. ಮನೆ ಹೆಂಗೋ ಬೆಕ್ಕು ಹಂಗೆ."

ಇಲಿ ಕಂಡರೆ ಗೌರಕ್ಕ ಮುಖ ತಿರುಗಿಸುತ್ತಿದ್ದದ್ದು ನಿಜ. ಆ ಧೈರ್ಯದ ಮೇಲೆಯೇ ಇಲಿಗಳು ಊದುಬತ್ತಿಯ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ತಲೆಮಾರಿನ ಸಂಸಾರ ಹೂಡಿದ್ದವು. "ಇಲಿ ಹಿಡಿಯದ ಬೆಕ್ಕು, ಮಾತು ಬಿಡದ ಗಂಡ, ಎರಡೂ ನನ್ನ ಪಾಲಿಗೇ ಬಂದ್ವು," ಎಂದು ಅವನ ಹೆಂಡತಿ ಶಿವಮ್ಮ ಪೊರಕೆ ಹಿಡಿದು ಗೊಣಗುತ್ತಿದ್ದಳು.

ದಿನಾ ಬೆಳಿಗ್ಗೆ ಕಲ್ಲೇಶಪ್ಪ ಸ್ನಾನ ಮಾಡಿ, ಮೂರು ಬೆರಳಲ್ಲಿ ಹಣೆಗೆ ವಿಭೂತಿ ಎಳೆದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಗೌರಕ್ಕ ಎದುರಿಗೆ ಮುಂಗಾಲು ಮಡಚಿಕೊಂಡು ಕೂರುತ್ತಿದ್ದಳು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಪೂಜೆ ಮುಗಿಯುವ ಹೊತ್ತಿಗೆ, ಸರಿಯಾಗಿ ಒಂಬತ್ತಕ್ಕೆ, ಓಣಿಯ ತುದಿಯಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಪೊಂಯ್ ಪೊಂಯ್ ಎನ್ನುತ್ತಿತ್ತು. ಗೌರಕ್ಕ ಎದ್ದು, ಮೈ ಮುರಿದು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು. ಒಂದು ಗಂಟೆ ಬಿಟ್ಟು ಮೀಸೆ ನೆಕ್ಕಿಕೊಳ್ಳುತ್ತ ಬಂದು ಮಲಗುತ್ತಿದ್ದಳು.

"ಪೂಜೆ ಆದ್ಮೇಲೆ ಒಂದು ರೌಂಡ್ ವಾಕಿಂಗ್. ಶಿಸ್ತು ನೋಡಿ," ಎನ್ನುತ್ತಿದ್ದ ಕಲ್ಲೇಶಪ್ಪ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎಂದು ಗಾದೆ. ಇಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಹೋಗಿ ಬರುತ್ತಿತ್ತು. ಕಣ್ಣು ಮುಚ್ಚಿದ್ದವನು ಕಲ್ಲೇಶಪ್ಪ.

ಇಂಥ ಸಂಸ್ಕಾರವಂತೆ ನಾಲ್ಕು ವರ್ಷದಲ್ಲಿ ಐದು ಬಾಣಂತನ ಮಾಡಿಸಿಕೊಂಡಿದ್ದಳು. ಈ ಭಾಗವನ್ನು ಕಲ್ಲೇಶಪ್ಪ ಕರ್ಪೂರದವರಿಗೆ ಹೇಳುತ್ತಿರಲಿಲ್ಲ. ಐದನೆಯ ಸಲದ ಮರಿಗಳನ್ನು ಊರೂರು ಹುಡುಕಿ ಹಂಚಿದ ಮೇಲೆ ಶಿವಮ್ಮ ಸೆರಗು ಸಿಕ್ಕಿಸಿ ನಿಂತಳು. "ಇನ್ನೊಂದು ಹೆರಿಗೆ ನನ್ನ ಕೈಲಾಗಲ್ಲ. ಆಪರೇಷನ್ ಮಾಡಿಸ್ತೀರೋ, ನಾನು ತೌರಿಗೆ ಹೋಗ್ಲೋ?"

ಹಾಗಾಗಿ ಒಂದು ಮಂಗಳವಾರ ಗೌರಕ್ಕ ತರಕಾರಿ ಬುಟ್ಟಿಯಲ್ಲಿ ಕೂತು ಡಾಕ್ಟರ್ ಪ್ರವೀಣನ ಕ್ಲಿನಿಕ್ಕಿಗೆ ಹೋದಳು. ಪ್ರವೀಣ ಗಾಳಿಬೀಡು ಕಡೆಯ ಹುಡುಗ. ಕೊಡ್ಲಿಪೇಟೆಗೆ ಬಂದು ಆರು ತಿಂಗಳಾಗಿತ್ತು. ಹಸು, ಹಂದಿ, ನಾಯಿ ಯಾವುದಕ್ಕೂ ಜಗ್ಗದವನು. ಆಪರೇಷನ್ ಅಚ್ಚುಕಟ್ಟಾಗಿ ಮುಗಿಸಿ, ಕೈ ತೊಳೆಯುತ್ತ ಕೇಳಿದ:

"ಮನೇಲಿ ಏನು ತಿಂತದೆ?"

ಈ ಪ್ರಶ್ನೆಗೆ ಕಲ್ಲೇಶಪ್ಪ ಬೆಳಿಗ್ಗೆಯಿಂದ ಕಾದಿದ್ದ. "ಮೊಸರನ್ನ."

"ಮತ್ತೆ?"

"ಮೊಸರನ್ನವೇ."

"ಮೀನು, ಮೊಟ್ಟೆ ಏನೂ ಇಲ್ವಾ?"

ಕಲ್ಲೇಶಪ್ಪ ಎದೆಯ ಮೇಲೆ ನೇತಾಡುವ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಮುಟ್ಟಿಕೊಂಡ. "ಡಾಕ್ಟ್ರೇ, ನಮ್ಮದು ಅಂಥ ಮನೆ ಅಲ್ಲ. ಅವಳೂ ಅಂಥವಳಲ್ಲ."

ಗೌರಕ್ಕ ಮತ್ತಿನಲ್ಲಿ ನಾಲಗೆ ಹೊರಗೆ ಹಾಕಿಕೊಂಡು ಮಲಗಿದ್ದಳು. ಎಚ್ಚರವಿದ್ದಿದ್ದರೆ ಏನಾದರೂ ಹೇಳುತ್ತಿದ್ದಳೋ ಏನೋ.

"ಬೆಕ್ಕಿಗೆ ಮಾಂಸ ಬೇಕೇ ಬೇಕು ಕಲ್ಲೇಶಪ್ಪನೋರೇ. ಬರೀ ಮೊಸರನ್ನದಲ್ಲಿ ಅದು ಬದುಕೋದಿಲ್ಲ."

"ನಾಲ್ಕು ವರ್ಷ ಬದುಕಿದ್ದಾಳಲ್ಲ. ಮೈ ನೋಡಿ, ಹೆಂಗೆ ಮಿಂಚ್ತದೆ."

ಡಾಕ್ಟರ್ ನೋಡಿದ. ಮೈ ನಿಜಕ್ಕೂ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಓದಿದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಸರಿ. ಆಪರೇಷನ್ ಆದ ಹೊಟ್ಟೆ, ಸದ್ಯಕ್ಕೆ ಹೊಸದೇನೂ ಬೇಡ. ಅಭ್ಯಾಸ ಇರೋದನ್ನೇ ಕೊಡಿ. ಹತ್ತು ದಿನ ಹೊರಗೆ ಬಿಡಬೇಡಿ. ಒಂದೆರಡು ದಿನ ಕಕ್ಕಸಿಗೆ ಆಗಲ್ಲ, ಅದಕ್ಕೆ ಹೆದರಬೇಡಿ. ಮೂರು ದಿನ ಆದ್ರೂ ಆಗದಿದ್ರೆ ಕರ್ಕೊಂಡು ಬನ್ನಿ. ಆದಾಗ ಗಟ್ಟಿಯೋ ಮೆತ್ತಗೋ ನೋಡಿ ಹೇಳಿ, ಮರೀಬೇಡಿ."

ಗಾಯ ನೆಕ್ಕದ ಹಾಗೆ ಕೊರಳಿಗೆ ಹಾಕುವ ಕಾಲರ್ ಕ್ಲಿನಿಕ್ಕಿನಲ್ಲಿ ನಾಯಿಯ ಅಳತೆಯದೇ ಇತ್ತು. ಕಲ್ಲೇಶಪ್ಪ ಮನೆಗೆ ಬಂದು ಊದುಬತ್ತಿಯ ರಟ್ಟು ಕತ್ತರಿಸಿ ತಾನೇ ಒಂದು ಮಾಡಿದ. ಗೌರಕ್ಕನ ಸಿಡುಕು ಮುಖದ ಸುತ್ತ "ದೇವರ ಸನ್ನಿಧಿಗೆ ಶ್ರೇಷ್ಠ" ಎಂದು ಕೆಂಪಕ್ಷರ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಗೋಣಿಚೀಲದ ಹಾಸಿಗೆ, ಒಂದು ತಟ್ಟೆ ಮೊಸರನ್ನ, ಒಂದು ಬಾಣಲೆ ಮರಳು. ತಪ್ಪಿಸಿಕೊಂಡಾಳೆಂದು ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಇದೇ ವಾರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಭಾನುವಾರ ಸಮುದಾಯ ಭವನದಲ್ಲಿ ತಿಂಗಳ ಶಿವಾನುಭವ ಗೋಷ್ಠಿ. ಕಾರ್ಯದರ್ಶಿ ಶಿವಪ್ರಕಾಶ್ ಒಂದು ದಿನ ಕರ್ಪೂರ ತರಲು ಬಂದು, ಬೆಕ್ಕಿನ ಕಥೆ ಕೇಳಿ ಕೇಳಿ ಸಾಕಾಗಿ, "ಇದನ್ನೇ ಗೋಷ್ಠೀಲಿ ಹತ್ತು ನಿಮಿಷ ಮಾತಾಡಿಬಿಡಿ," ಎಂದಿದ್ದ. ತಪ್ಪಿಸಿಕೊಳ್ಳಲು ಹೇಳಿದ ಮಾತು. ಕಲ್ಲೇಶಪ್ಪ ಅದನ್ನು ಆಮಂತ್ರಣ ಮಾಡಿಕೊಂಡ. ಕರಪತ್ರದಲ್ಲಿ ಅಚ್ಚೂ ಆಯಿತು: "ಮೂಕಪ್ರಾಣಿಯಲ್ಲೂ ಸಂಸ್ಕಾರ – ಶ್ರೀ ಕಲ್ಲೇಶಪ್ಪ". ಅವನು ನಾಲ್ಕು ಹಾಳೆ ಬರೆದು, ದಿನಕ್ಕೆರಡು ಸಲ ಶಿವಮ್ಮನಿಗೆ ಓದಿ ತೋರಿಸುತ್ತಿದ್ದ.

ಬುಧವಾರ ಮರಳು ಮರಳಾಗಿಯೇ ಇತ್ತು. ಗೌರಕ್ಕ ಮೊಸರನ್ನ ಮೂಸಿ, ಕಲ್ಲೇಶಪ್ಪನನ್ನು ನೋಡಿ, ಗೋಡೆಯ ಕಡೆ ತಿರುಗಿ ಕೂತಳು. ಒಂಬತ್ತಕ್ಕೆ ಹಾರ್ನ್ ಕೇಳಿದ್ದೇ ತಡ, ಚಂಗನೆ ಕಿಟಕಿಗೆ ಹಾರಿ, ರಟ್ಟನ್ನು ಸರಳಿಗೆ ಬಡಿಯುತ್ತ ಓಣಿಗೆಲ್ಲ ಕೇಳುವ ಹಾಗೆ ಅರಚಿದಳು.

"ಹೊಟ್ಟೆ ನುಲೀತಿದೆ, ಪಾಪ," ಎಂದ ಕಲ್ಲೇಶಪ್ಪ.

ಗುರುವಾರವೂ ಹಾಗೇ. "ನೋಡಿದ್ಯಾ ಶಿವೀ, ಸರಿಯಾಗಿ ಒಂಬತ್ತಕ್ಕೇ ಬರ್ತದೆ ಆ ನೋವು."

"ರೀ, ಆ ನೋವು ಎಂಥದು ಅಂದ್ರೆ," ಎಂದು ಶಿವಮ್ಮ ಶುರು ಮಾಡಿದಳು. ಅವನು ಆಗಲೇ ಭಾಷಣದ ಎರಡನೇ ಹಾಳೆ ತೆಗೆದಿದ್ದ.

ಹಿತ್ತಿಲ ಗೋಡೆಯಾಚೆ ಕಮಲಳ ಮನೆ. ಅವಳ ಗಂಡ ಬೊಳ್ಳಪ್ಪ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಡಿಕೇರಿ ಕಡೆಯ ಅರೆಭಾಷೆ ಗೌಡರು, ಒಳ್ಳೆ ಜನ. ಗೋಡೆಯ ಮೇಲೆ ಮುಖ ಇಟ್ಟು ಅವಳು ಕೇಳಿದಳು: "ಕಲ್ಲೇಶಣ್ಣ, ಗೌರಕ್ಕಂಗೆ ಆಯ್ತಾ?"

"ಇಲ್ಲ ಕಮಲಮ್ಮ."

"ಎಂಥ ಕೊಡ್ತಾ ಇದ್ದೀರಿ ತಿನ್ಲಿಕ್ಕೆ?"

"ಅವಳ ಮಾಮೂಲಿ ಊಟ. ಮೊಸರನ್ನ."

"ಬರೀ ಅದೇ?"

"ಅದು ಬಿಟ್ಟು ಅವಳು ಬೇರೆ ಮುಟ್ಟಲ್ಲವಲ್ಲ."

ಕಮಲ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೆಳಗಿಳಿದಳು.

ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಬೆಕ್ಕಿನ ಕಥೆಯನ್ನು ಇಷ್ಟು ವರ್ಷ ಹಂಚಿದ ಮೇಲೆ ಅದರ ಹೊಟ್ಟೆಯ ಕಥೆಯನ್ನು ಬಚ್ಚಿಡಲು ಬರುತ್ತದೆಯೇ? ಅಂಗಡಿಗೆ ಬಂದವರು ಕರ್ಪೂರ ಕೇಳುವ ಮೊದಲು "ಆಯ್ತಾ?" ಎಂದರು. ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಕೈಸನ್ನೆ ಮಾಡಿ ಕೇಳಿದ. ಒಬ್ಬರು ಹರಳೆಣ್ಣೆ ಎಂದರು, ಇನ್ನೊಬ್ಬರು ಪಚ್ಚಬಾಳೆಹಣ್ಣು ಎಂದರು. ಓಣಿಯ ಕೊನೆ ಮನೆಯ ದೇರಪ್ಪ ಮಿಲಿಟರಿಯಲ್ಲಿದ್ದು ಬಂದ ಕೊಡವರು. ಅವರು ಮೀಸೆ ನೀವಿ, "ಕಾಚಂಪುಳಿ ಒಂದು ತೊಟ್ಟು ನೆಕ್ಕಿಸು, ನಮ್ಮ ಕಪ್ಪು ಹುಳಿ. ಕಲ್ಲೂ ಕರಗ್ತದೆ," ಎಂದರು. ಪ್ರತಿಯೊಂದಕ್ಕೂ ಕಲ್ಲೇಶಪ್ಪ ಡಾಕ್ಟರಿಗೆ ಫೋನು ಮಾಡಿದ. ಪ್ರವೀಣ ಪ್ರತಿಯೊಂದಕ್ಕೂ "ಬೇಡ" ಎಂದು, ಕಾಚಂಪುಳಿಗೆ ಮಾತ್ರ "ಯಾರು ಹೇಳಿದ್ದು ಅದನ್ನ?" ಎಂದು ಕೇಳಿದ.

ಮಕ್ಕಳಿಲ್ಲದ ಮನೆ, ಬೆಕ್ಕೇ ಮಗಳು ಎಂದು ಹೇಳಿ ನಿಮ್ಮನ್ನು ಅಳಿಸುವ ಹಾಗಿಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಇಬ್ಬರೂ ಸೋಮವಾರಪೇಟೆಯಲ್ಲಿ ಸುಖವಾಗಿದ್ದಾರೆ, ವಾರ ಬಿಟ್ಟು ವಾರ ಬಂದು ಅಪ್ಪನ ಜೊತೆ ಜಗಳ ಆಡಿ ಹೋಗುತ್ತಾರೆ. ಆದರೂ ಕಲ್ಲೇಶಪ್ಪನಿಗೆ ಗೌರಕ್ಕನೆಂದರೆ ಜೀವ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಅಂಗಡಿ ಬಿಟ್ಟು ಆ ಬಾಣಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, "ಒಂಚೂರು ಪ್ರಯತ್ನ ಮಾಡವ್ವ," ಎಂದು ಗೋಗರೆದ. ಬುಧವಾರದಿಂದ ಅವನಿಗೂ ಆಗಿರಲಿಲ್ಲ. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಶುಕ್ರವಾರ ಬುಟ್ಟಿ ಮತ್ತೆ ಕ್ಲಿನಿಕ್ಕಿಗೆ ಹೋಯಿತು. ಡಾಕ್ಟರ್ ಹೊಟ್ಟೆ ಒತ್ತಿ ನೋಡಿದ. ಸದಾ ನಗುವ ಮುಖ ಆವತ್ತು ನಗಲಿಲ್ಲ.

"ಮಲ ಗಟ್ಟಿಯಾಗಿ ಕೂತಿದೆ. ಅದಕ್ಕೆ ಔಷಧಿ ಕೊಡ್ತೀನಿ. ಆದ್ರೆ ಇದು ತಿಂತಾನೇ ಇಲ್ಲ, ತಿಂದ್ರೆ ತಾನೆ ಕರುಳು ಓಡೋದು? ಬೆಕ್ಕು ಹಿಂಗೆ ಉಪವಾಸ ಇದ್ರೆ ಲಿವರ್ ಕೆಡ್ತದೆ. ಭಾನುವಾರ ಮಧ್ಯಾಹ್ನದೊಳಗೆ ಆಗದಿದ್ರೆ ಮೈಸೂರಿಗೆ ಕರ್ಕೊಂಡು ಹೋಗಿ. ಅಲ್ಲಿ ಮತ್ತೆ ಮತ್ತು ಕೊಟ್ಟು ತೆಗೀತಾರೆ. ಇಷ್ಟು ಬೇಗ ಇನ್ನೊಂದು ಸಲ ಮತ್ತು ತಡ್ಕೊಳ್ತದೆ ಅಂತ ನಾನು ಹೇಳಕ್ಕಾಗಲ್ಲ."

ಕಲ್ಲೇಶಪ್ಪ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಈಗ ಏನು ಮಾಡ್ಲಿ ಹೇಳಿ."

"ಕೋಳಿ ಬೇಯಿಸಿ ಕೊಡಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಬೇಡ. ಬರೀ ನೀರಲ್ಲಿ ಬೇಯಿಸಿ, ಬಿಡಿಸಿ ಕೊಡಿ."

ಕಲ್ಲೇಶಪ್ಪ ಎದೆಯ ಕರಡಿಗೆ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡ. ಬುಟ್ಟಿಯಲ್ಲಿ ಗೌರಕ್ಕ ಸಪ್ಪಗೆ ಕೂತಿದ್ದಳು. ಮಿಂಚುವ ಮೈ ಮೂರೇ ದಿನಕ್ಕೆ ಮಂಕಾಗಿತ್ತು. ಸಂಸ್ಕಾರ ಆಮೇಲೆ, ಮೊದಲು ಜೀವ ಉಳೀಲಿ ಎಂದು ಅಲ್ಲೇ ತೀರ್ಮಾನ ಮಾಡಿದ.

ತೀರ್ಮಾನ ಮಾಡುವುದು ಸುಲಭ. ಅರವತ್ತೊಂದು ವರ್ಷ ಕೋಳಿ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ದಾಟಿದವನು ಕೋಳಿ ಕೊಳ್ಳುವುದು ಎಲ್ಲಿ? ಕೊಡ್ಲಿಪೇಟೆಯಲ್ಲಿ ಕೊಂಡರೆ ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆ. ನಾಡಿದ್ದು ಭಾಷಣ. ಬಹಳ ಯೋಚನೆ ಮಾಡಿ, ಯಾರಿಗೂ ತಿಳಿಯದ ಹಾಗೆ ಮರುದಿನ ಪಕ್ಕದ ಊರಾದ ಶನಿವಾರಸಂತೆಗೆ ಹೋಗಿ ತರುವುದೆಂದು ನಿಶ್ಚಯಿಸಿದ. ಬೆಳಿಗ್ಗೆ ಹಣೆಯ ವಿಭೂತಿ ಒರೆಸಿ, ಹೆಲ್ಮೆಟ್ ಹಾಕಿ, ಗಾಜು ಇಳಿಸಿ, ಸ್ಕೂಟರ್ ಹತ್ತಿದ. ಆವತ್ತು ಶನಿವಾರ, ಶನಿವಾರದ ದಿನ ಅಲ್ಲಿ ಸಂತೆ, ಸಂತೆಯೆಂದರೆ ಅರ್ಧ ಕೊಡ್ಲಿಪೇಟೆ ಅಲ್ಲೇ ಇರುತ್ತದೆ ಎನ್ನುವುದು ಸಂತೆಯ ನಡುವೆ ನಿಂತ ಮೇಲೆ ಅವನಿಗೆ ಹೊಳೆಯಿತು. ಸ್ಕೂಟರಿನ ಹಿಂದೆ "ಕಲ್ಲೇಶಪ್ಪ ಪೂಜಾ ಸ್ಟೋರ್ಸ್" ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದೂ ಆಗಲೇ ನೆನಪಾಯಿತು.

ಕೋಳಿ ಅಂಗಡಿಯ ಮುಂದೆ ಎಂಟು ಹತ್ತು ಜನ. ಅಂಗಡಿಯ ಮಲಯಾಳಿ ಕಾಕ ಕತ್ತಿ ಎತ್ತಿ ಕೇಳಿದ: "ನಿಮಗೆಷ್ಟು?"

"ಅರ್ಧ," ಎಂದಿತು ಹೆಲ್ಮೆಟ್ಟು.

"ಅರ್ಧ ಕೇಜಿಯಾ? ಸ್ಕಿನ್ ಬೇಕಾ, ಬೇಡ್ವಾ?"

ಹೆಲ್ಮೆಟ್ಟಿಗೆ ಉತ್ತರ ಗೊತ್ತಿರಲಿಲ್ಲ. "ಮೆತ್ತಗಿರೋದು."

"ಎಂಥ ಮಾಡ್ಲಿಕ್ಕೆ? ಬಿರಿಯಾನಿಗಾ, ಸಾರಿಗಾ?"

"ಹೊಟ್ಟೆ ಕಟ್ಟಿದ್ದಕ್ಕೆ."

ಕಾಕ ಕತ್ತಿ ಕೆಳಗಿಟ್ಟ. ಬಗ್ಗಿ ಗಾಜಿನೊಳಗೆ ನೋಡಿದ. "ಓ, ಕಲ್ಲೇಶಪ್ಪನೋರಾ? ಗೌರಕ್ಕಂಗೆ ಇನ್ನೂ ಆಗಿಲ್ವಾ? ಪಾವಂ, ಪಾಪ."

ಕ್ಯೂನಲ್ಲಿದ್ದವರೆಲ್ಲ ತಿರುಗಿದರು. "ಇನ್ನೂ ಆಗಿಲ್ವಂತೆ," ಎಂಬ ಮಾತು ಟೊಮೆಟೊ ರಾಶಿ ದಾಟಿ, ಬಳೆ ಅಂಗಡಿ ದಾಟಿ, ಒಣಮೆಣಸಿನಕಾಯಿಯ ತನಕ 'ಚ್ಚು ಚ್ಚು' ಎನ್ನುತ್ತ ಹೋಯಿತು. ಯಾರೋ ಅವನನ್ನು ತೋಳು ಹಿಡಿದು ಮುಂದೆ ಬಿಟ್ಟರು. "ಹೆಲ್ಮೆಟ್ ತೆಗೀರಿ ಸಾರ್, ಸೆಕೆ," ಎಂದ ಕಾಕ, ಎದೆಯ ಭಾಗವನ್ನೇ ಆರಿಸಿ ಚರ್ಮ ಬಿಡಿಸುತ್ತ.

ಕಪ್ಪು ಕವರನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ, ಅದಕ್ಕೆ ಮೊಣಕಾಲು ತಾಗದ ಹಾಗೆ ಎರಡೂ ಕಾಲು ಅಗಲಿಸಿಕೊಂಡು, ಕಲ್ಲೇಶಪ್ಪ ಮನೆ ಸೇರಿದ. ಶಿವಮ್ಮ ಹಿತ್ತಿಲ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತಳು.

"ಅದು ಒಳಗೆ ಬರೋ ಹಂಗಿಲ್ಲ."

"ಬಚ್ಚಲು ಒಲೇಲಿ ಬೇಯಿಸೋಣ."

"ಯಾವ ಪಾತ್ರೇಲಿ?"

"ಹಳೇ ಪಾತ್ರೆ ಯಾವುದಾದ್ರೂ ಕೊಡು. ಎಷ್ಟು ವಿಷಲ್ ಬೇಕಾಗ್ತದೆ ಇದಕ್ಕೆ?"

"ಕುಕ್ಕರ್ ಮುಟ್ಟಿದ್ರೆ ನೋಡಿ."

ಒಲೆಗೆ ಎಷ್ಟು ಉರಿ, ಪಾತ್ರೆಗೆ ಎಷ್ಟು ನೀರು, ಬೆಂದದ್ದು ಗೊತ್ತಾಗುವುದು ಹೇಗೆ, ಇಬ್ಬರಿಗೂ ತಿಳಿಯದು. ಕೊನೆಗೆ ಕಲ್ಲೇಶಪ್ಪ ಕವರನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಿಲ ಗೋಡೆಯ ಮೇಲೆ ಇಟ್ಟು ಕರೆದ: "ಕಮಲಮ್ಮ, ಇದನ್ನೊಂದು ಬೇಯಿಸಿ ಕೊಡ್ತೀಯೇನಮ್ಮ? ಡಾಕ್ಟ್ರು ಗೌರಕ್ಕಂಗೆ ಕೊಡಿ ಅಂದಿದ್ದಾರೆ."

ಕಮಲ ಕವರು ಬಿಚ್ಚಿ ನೋಡಿದಳು. "ಬೇಯಿಸಿ ಕೊಡ್ತೇನೆ ಅಣ್ಣ. ಆದ್ರೆ ಅವಳು ತಿನ್ನುದಿಲ್ಲ."

"ಯಾಕೆ?"

"ಕೋಳಿ ಅವಳಿಗೆ ಹಿಡಿಸುದಿಲ್ಲ."

"ಅವಳಿಗೆ ಕೋಳಿ ಹಿಡಿಸಲ್ಲ ಅಂತ ನಿಂಗೆ ಹೆಂಗೆ ಗೊತ್ತು?"

ಕಮಲ ಶಿವಮ್ಮನ ಮುಖ ನೋಡಿದಳು. ಶಿವಮ್ಮ ಸೀಬೆಮರದ ಕಾಯಿ ಎಣಿಸುತ್ತಿದ್ದಳು. ಇನ್ನು ತಡೆದರೆ ಬೆಕ್ಕು ಸಾಯುತ್ತದೆ ಎನ್ನಿಸಿ ಕಮಲ ಒಂದೇ ಉಸಿರಿಗೆ ಹೇಳಿದಳು:

"ಅವಳು ಮೀನಿನವಳು ಅಣ್ಣ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಓಣಿ ನಾಲ್ಕು ವರ್ಷ ಕಾದಿತ್ತು. ಕಟ್ಟಿ ಆಯಿತು. ಆಮೇಲೆ ಎಲ್ಲ ತಾನಾಗಿಯೇ ಬಂತು. ಒಂಬತ್ತರ ಹಾರ್ನಿಗೆ ಗೌರಕ್ಕ ಕಮಲಳ ಮೆಟ್ಟಿಲ ಮೇಲೆ ಹಾಜರು. ದಿನಕ್ಕೆ ಎರಡು ಮತ್ತಿ ಮೀನು. ಅವಳದೇ ಒಂದು ಕೆಂಪು ಪ್ಲೇಟು. ಆ ಮನೆಯಲ್ಲಿ ಅವಳ ಹೆಸರು ಮತ್ತಿಯಮ್ಮ.

"ಬೇರೆ ಎಲ್ಲೂ ಹೋಗಲ್ಲ ತಾನೆ?" ಕಲ್ಲೇಶಪ್ಪನ ದನಿ ಇಳಿದಿತ್ತು.

"ದಿನಾ ಇಲ್ಲ. ಹಬ್ಬ ಇದ್ರೆ ದೇರಪ್ಪನೋರ ಮನೆಗೆ. ಅವರು ಪಂದಿ ತುಂಡನ್ನ ಮಸಾಲೆ ತೊಳೆದು ಹಾಕ್ತಾರೆ."

ಕಲ್ಲೇಶಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. "ಹಂದಿಯೂ ತಿಂತಾಳಾ?"

"ತೊಳೆದು ಹಾಕ್ತಾರೆ ಅಣ್ಣ," ಎಂದು ಕಮಲ ಸಮಾಧಾನ ಹೇಳಿದಳು.

ಕಲ್ಲೇಶಪ್ಪ ಹೆಂಡತಿಯ ಕಡೆ ತಿರುಗಿದ. "ನಿಂಗೂ ಗೊತ್ತಿತ್ತಾ ಶಿವೀ?"

"ಮೂರು ವರ್ಷದಿಂದ."

"ಹೇಳಬಾರದಾಗಿತ್ತಾ?"

"ಈ ವಾರ ಹೇಳೋಕೆ ಬಂದೆ. ನೀವು ಭಾಷಣ ಓದಿದ್ರಿ. ಕದ್ದು ಮೀನು ಕೊಡೋಣ ಅಂದ್ರೆ ಬೀಗದ ಕೈ ನಿಮ್ಮ ಸೊಂಟದಲ್ಲಿ." ಶಿವಮ್ಮ ಸೀಬೆಕಾಯಿ ಬಿಟ್ಟು ಅವನನ್ನೇ ನೋಡಿದಳು. "ಮುಂಚೆ ಯಾಕೆ ಹೇಳ್ಲಿಲ್ಲ ಅಂದ್ರೆ, ಅವಳ ವಿಷಯ ಹೇಳೋವಾಗ ನಿಮ್ಮ ಮುಖ ಎಷ್ಟು ಅರಳ್ತದೆ ಅಂತ ನೀವು ನೋಡಿಕೊಂಡಿಲ್ಲ. ಅದನ್ನ ಬಾಡಿಸೋಕೆ ನಂಗೆ ಮನಸ್ಸು ಬರಲಿಲ್ಲ."

ಕಲ್ಲೇಶಪ್ಪನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಡಾಕ್ಟರ್ ಕೇಳಿದಾಗ ಎದೆ ಮುಟ್ಟಿಕೊಂಡು ಹೇಳಿದವನು ತಾನು. ನಾಲ್ಕು ದಿನ ಆ ಮೂಕಪ್ರಾಣಿಯನ್ನು ಬೀಗ ಹಾಕಿ ಉಪವಾಸ ಕೆಡವಿದವನೂ ತಾನೇ. ಕಣ್ಣು ಒರೆಸಿಕೊಂಡು ಫೋನು ತೆಗೆದ.

"ಡಾಕ್ಟ್ರೇ, ಕೋಳಿ ಬದಲು ಮೀನು ಆಗ್ತದಾ?"

"ಮುಳ್ಳು ತೆಗೆದು, ಉಪ್ಪಿಲ್ಲದೆ ಬೇಯಿಸಿದ್ರೆ ಆಗ್ತದೆ. ಆದ್ರೆ ಅದಕ್ಕೆ ಅಭ್ಯಾಸ ಇದೆಯಾ?"

ಕಲ್ಲೇಶಪ್ಪ ಗೋಡೆಯಾಚೆ ಕಮಲಳನ್ನು ನೋಡಿದ. "ಇದೆಯಂತೆ."

ಈಗ ಮೀನು ಎಲ್ಲಿಂದ ತರುವುದು ಎಂದು ಅವನು ಏಳುವಷ್ಟರಲ್ಲಿ ಕಮಲ ಹೇಳಿದಳು: "ನಾನು ದಿನಾ ಎರಡು ಎತ್ತಿಟ್ಟಿದ್ದೇನೆ ಅಣ್ಣ, ಬಂದ್ರೆ ಬರ್ಲಿ ಅಂತ. ಫ್ರಿಜ್ಜಲ್ಲಿ ಎಂಟು ಆಗಿದೆ."

ಬೇಯಿಸಿ ಮುಳ್ಳು ತೆಗೆದ ಮೀನು ಕೆಂಪು ಪ್ಲೇಟಿನಲ್ಲಿ ಗೋಡೆ ದಾಟಿ ಬಂತು. ಕಲ್ಲೇಶಪ್ಪ ಪ್ಲೇಟನ್ನು ತೋಳು ನೀಡಿ ದೂರ ಹಿಡಿದು, ಉಸಿರು ಕಟ್ಟಿ, ಕೋಣೆಗೆ ಹೋದ. ಗೌರಕ್ಕ ಮೂಗೆತ್ತಿದಳು. ಎದ್ದು ಬಂದು ಪ್ಲೇಟಿಗೆ ಬಾಯಿ ಹಾಕಿದಳು. ದೇವರ ಸನ್ನಿಧಿಗೆ ಶ್ರೇಷ್ಠವಾದ ರಟ್ಟು ಪ್ಲೇಟಿಗೆ ಬಡಿಯಿತು, ಬಾಯಿ ಮೀನಿಗೆ ಎಟುಕಲಿಲ್ಲ. ಮತ್ತೆ ಬಡಿಯಿತು. ಅವಳು ತಲೆ ಎತ್ತಿ ಕಲ್ಲೇಶಪ್ಪನನ್ನು ನೋಡಿದಳು. ಅವನು ಬಾಗಿಲ ಕಡೆ ನೋಡಿದ. ಶಿವಮ್ಮ ಬರುವ ಹಾಗೆ ಕಾಣಲಿಲ್ಲ. ಕಣ್ಣು ಮುಚ್ಚಿ, ದಿನಾ ವಿಭೂತಿ ಎಳೆಯುವ ಅದೇ ಮೂರು ಬೆರಳಲ್ಲಿ ಒಂದು ಚೂರು ಮತ್ತಿ ಎತ್ತಿ ಅವಳ ಬಾಯಿಗೆ ಹಿಡಿದ. ಒರಟು ನಾಲಗೆ ಬೆರಳಿಗೆ ತಾಗಿತು. ಕಣ್ಣು ಬಿಟ್ಟು ನೋಡಿದರೆ ಗೌರಕ್ಕ ಗುರ್ರ್ ಎನ್ನುತ್ತ ತಿನ್ನುತ್ತಿದ್ದಳು. ಕಲ್ಲೇಶಪ್ಪ ಇನ್ನೊಂದು ಚೂರು ಎತ್ತಿದ. ಎರಡು ಮೀನು ಮುಗಿದ ಮೇಲೆ ಎರಡು ಸಲ ತಲೆಗೆ ಸ್ನಾನ ಮಾಡಿದ. ಸಂಜೆ ಮತ್ತೆ ಉಣಿಸಿ ಮತ್ತೆ ಎರಡು ಸಲ ಮಾಡಿದ.

ಭಾನುವಾರ ಬೆಳಿಗ್ಗೆಯೂ ಉಣಿಸಿದ. ಬಾಣಲೆಯ ಮರಳು ಮಾತ್ರ ಹಾಗೇ ಇತ್ತು. ಹನ್ನೆರಡಕ್ಕೆ ಮೈಸೂರಿಗೆಂದು ಜೀಪಿಗೆ ಹೇಳಿಟ್ಟ. ಹನ್ನೊಂದಕ್ಕೆ ಗೋಷ್ಠಿ. ಹೋಗುವುದೇ ಇಲ್ಲ ಎಂದು ಅವನು ಕೂತಿದ್ದ, ಶಿವಮ್ಮ ಎಬ್ಬಿಸಿದಳು. "ಕರಪತ್ರದಲ್ಲಿ ಹೆಸರು ಹಾಕಿಸಿಕೊಂಡು ಹೋಗದೆ ಇರೋದು ಸರಿಯಲ್ಲ. ನಾನಿಲ್ಲೇ ಕೂತಿರ್ತೀನಿ. ಆದ್ರೆ ಫೋನ್ ಮಾಡ್ತೀನಿ."

ಗೋಷ್ಠಿಗೆ ಜಾತಿ ಭೇದವಿಲ್ಲದೆ ಊರೇ ಬರುತ್ತದೆ, ಮಧ್ಯಾಹ್ನದ ಪ್ರಸಾದ ಅಷ್ಟು ರುಚಿ. ಮುಂದಿನ ಸಾಲಿನಲ್ಲಿ ಕಿವಿ ಮಂದವಾದ ಸಣ್ಣಸ್ವಾಮಿಯವರು, ಅವರ ಹಿಂದೆ ಕಮಲ, ಬೊಳ್ಳಪ್ಪ, ದೇರಪ್ಪ, ಓಣಿಗೆ ಓಣಿ. ಕೊನೆಯ ಸಾಲಿನಲ್ಲಿ ಡಾಕ್ಟರ್ ಪ್ರವೀಣ. ಶಿವಪ್ರಕಾಶ್ ಎಲ್ಲರಿಗೂ ಮೊಬೈಲ್ ಬಂದ್ ಮಾಡಲು ಹೇಳಿ, ಕಲ್ಲೇಶಪ್ಪನನ್ನು ಕರೆದ. ಅವನು ನಾಲ್ಕು ಹಾಳೆ ಹಿಡಿದು ಮೈಕಿನ ಮುಂದೆ ನಿಂತು, "ಶರಣು ಶರಣಾರ್ಥಿ," ಎಂದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಅವನು ಯಾರನ್ನೂ ಕೇಳದೆ ಫೋನು ಕಿವಿಗಿಟ್ಟ. ಕೇಳಿದ. ಕಣ್ಣಲ್ಲಿ ನೀರು ಬಂತು. ಬಾಯಿ ಮೈಕಿನ ಹತ್ತಿರವೇ ಇತ್ತು.

"ಆಯ್ತಂತೆ," ಎಂದ.

ಭವನದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ ಶುರುವಾಯಿತು. ಸಣ್ಣಸ್ವಾಮಿಯವರು "ಏನಂತೆ, ಏನಂತೆ?" ಎಂದು ಪಕ್ಕದವರ ಮೊಣಕೈ ಎಳೆದರು. "ಗೌರಕ್ಕಂಗೆ ಆಯ್ತಂತೆ," ಎಂದು ಕಿವಿಯಲ್ಲಿ ಕೂಗಿದ ಮೇಲೆ ಅವರೂ ಚಪ್ಪಾಳೆ ತಟ್ಟಿದರು, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದರು.

ಕಲ್ಲೇಶಪ್ಪ ನಾಲ್ಕೂ ಹಾಳೆ ಮಡಚಿ ಜೇಬಿಗೆ ಹಾಕಿದ.

"ನಾನು ಬರ್ಕೊಂಡು ಬಂದದ್ದೆಲ್ಲ ಸುಳ್ಳು. ನಮ್ಮ ಗೌರಕ್ಕ ನಾಲ್ಕು ವರ್ಷದಿಂದ ಮೀನು ತಿಂತಿದ್ದಾಳೆ. ಹಬ್ಬಕ್ಕೆ ಹಂದಿಯೂ ತಿಂತಾಳಂತೆ." ದೇರಪ್ಪ ತಲೆಯ ಮೇಲಿನ ಫ್ಯಾನು ನೋಡತೊಡಗಿದರು. "ಇದು ಓಣಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ. ನಾನು ಅಂಗಡೀಲಿ ಕೂತು ಕೊಚ್ಚಿಕೊಳ್ಳೋವಾಗ ಒಬ್ಬರೂ ನಗಲಿಲ್ಲ. ಹೌದೌದು ಅಂದು ಕರ್ಪೂರ ತಗೊಂಡು ಹೋದ್ರು. ನಮ್ಮ ಕಮಲಮ್ಮ ನಾಲ್ಕು ದಿನ ಮೀನು ಎತ್ತಿಟ್ಟು ಕಾದಳು, ನನ್ನ ಮರ್ಯಾದೆ ಹೋದೀತು ಅಂತ ಬಾಯಿ ಬಿಡಲಿಲ್ಲ." ಅವನು ಮೈಕನ್ನು ಹಿಡಿದುಕೊಂಡ. "ಸಂಸ್ಕಾರ ಬೆಕ್ಕಿಗಿರಲಿಲ್ಲ, ನನಗೂ ಇರಲಿಲ್ಲ. ಇದ್ದದ್ದು ನಿಮಗೆ. ಇಷ್ಟೇ ನನ್ನ ಮಾತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಮಲ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಗ ಕೊನೆಯ ಸಾಲಿನಿಂದ ಡಾಕ್ಟರ್ ಎದ್ದು ನಿಂತ.

"ಕಲ್ಲೇಶಪ್ಪನೋರೇ, ಗಟ್ಟಿಯೋ ಮೆತ್ತಗೋ?"

ಫೋನು ಇನ್ನೂ ಕೈಯಲ್ಲೇ ಇತ್ತು, ಆ ಕಡೆ ಶಿವಮ್ಮನೂ ಇದ್ದಳು. ಕಲ್ಲೇಶಪ್ಪ ಕೇಳಿದ. ಭವನವೆಲ್ಲ ಕಿವಿಯಾಗಿ ಕಾಯಿತು.

"ಮೊದಲು ಗಟ್ಟಿ, ಆಮೇಲೆ ಮೆತ್ತಗೆ," ಎಂದ ಮೈಕಿನಲ್ಲಿ. ಡಾಕ್ಟರ್ ತೃಪ್ತಿಯಿಂದ ಕೂತ. ಜೀಪು ಬೇಡವೆಂದು ಬೊಳ್ಳಪ್ಪ ಹೊರಗೆ ಹೋಗಿ ಹೇಳಿ ಬಂದ. ಶಿವಪ್ರಕಾಶ್ ವಂದನಾರ್ಪಣೆ ಚುಟುಕಾಗಿ ಮುಗಿಸಿದ.

ಪ್ರಸಾದಕ್ಕೆ ಕೂತಾಗ ಕಲ್ಲೇಶಪ್ಪನ ಎಲೆಯ ಪಕ್ಕದ ಎಲೆ ಡಾಕ್ಟರದು. ಪಾಯಸ ಬರುವ ತನಕ ಕಲ್ಲೇಶಪ್ಪ ತಲೆ ತಗ್ಗಿಸಿ ಉಂಡ. ಪಾಯಸ ಬಂದ ಮೇಲೆ ತಡೆಯಲಾಗಲಿಲ್ಲ.

"ಆದ್ರೂ ಒಂದು ನೋಡಿ ಡಾಕ್ಟ್ರೇ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಮುಟ್ಟಿದವಳಲ್ಲ ನಮ್ಮ ಗೌರಕ್ಕ. ಅದೆಲ್ಲ ಮನೆಯಿಂದ ಬರಬೇಕು."

ಡಾಕ್ಟರ್ ಬಾಯಿ ತೆರೆದ. ಎದುರು ಸಾಲಿನಲ್ಲಿ ಕಮಲ ಅವನನ್ನೇ ನೋಡುತ್ತಿದ್ದಳು.

"ಹೌದೌದು," ಎಂದು ಪ್ರವೀಣ ಪಾಯಸಕ್ಕೆ ಬಾಳೆಹಣ್ಣು ಕಿವುಚಿಕೊಂಡ.